ಹುಳ ತಿನ್ನುವ ಗಿಡದ ನೀರಡಿಕೆ

ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡ ಬಾಶೆಟ್ಟಿಹಳ್ಳಿಯಲ್ಲಿ ಯಾರ ಮನೆಗೇ ಹೋಗಿ ಕೂತರೂ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಮಾತು ನೀರಿಗೆ ಬಂದಿರುತ್ತದೆ. ಯಾವ ಬೀದಿಯ ಬೋರು ನಿಂತುಹೋಯಿತು, ಯಾರು ಎಷ್ಟು ಅಡಿ ಕೊರೆಸಿದರು, ಉಪ್ಪು ಕಟ್ಟಿದ ಸೋಲಾರ್ ಪೈಪು ಬಿಚ್ಚಿಸೋದು ಯಾವಾಗ, ಶುದ್ಧ ನೀರಿನ ಘಟಕದ ಮುಂದೆ ಬೆಳಿಗ್ಗೆ ಎಷ್ಟು ಕ್ಯಾನು ಸಾಲಲ್ಲಿದ್ದವು, ಹೀಗೆ. ಕೆಲಸ ಹುಡುಕಿಕೊಂಡು ಎಲ್ಲಿಂದಲೋ ಬಂದು ಇಲ್ಲಿ ಬಾಡಿಗೆ ಮನೆ ಹಿಡಿದವರೂ ಒಂದೇ ಬೇಸಿಗೆಯಲ್ಲಿ ಈ ಮಾತು ಕಲಿತುಬಿಡುತ್ತಾರೆ. ನನಗೂ ಈ ಮಾತು ಬಲು ಇಷ್ಟ. ಯಾಕೆಂದರೆ ಈ ಊರಿನ ಬೋರ್ ನೀರು ಕುಡಿದರೆ ಕಮರಿಹೋಗುವ ಒಂದಷ್ಟು ಗಿಡಗಳು ನಮ್ಮ ಮನೆಯ ತಾರಸಿಯ ಮೇಲಿವೆ. ಅವು ಹುಳ ಹಿಡಿದು ತಿನ್ನುವ ಗಿಡಗಳು.

ನೋಡಲು ಬಂದವರ ಪ್ರಶ್ನೆಗಳೆಲ್ಲ ಊಟದ ಮೇಲೆಯೇ. ದಿನಕ್ಕೆ ಎಷ್ಟು ನೊಣ ಬೇಕು? ಕೋಳಿ ಮಾಂಸದ ಚೂರು ಹಾಕಬಹುದಾ? ಹುಳ ಸಿಗದಿದ್ದರೆ ಉಪವಾಸ ಸಾಯುತ್ತಾ? ಪಕ್ಕದ ಮನೆ ಹುಡುಗ ಮೊದಲ ದಿನ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ದೂರದಲ್ಲೇ ನಿಂತು, "ಆಂಟಿ, ಬೆರಳು ಕಚ್ಚುತ್ತಾ?" ಎಂದು ಕೇಳಿದ. ನೀರೇನು ಹಾಕುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಈ ಗಿಡಗಳು ಬದುಕುವುದೂ ಸಾಯುವುದೂ ಆ ಒಂದು ಪ್ರಶ್ನೆಯ ಮೇಲೆ. ಹುಳ ಒಂದು ತಿಂಗಳು ಸಿಗದಿದ್ದರೂ ನಡೆಯುತ್ತದೆ. ನೀರು ತಪ್ಪಾದರೆ ನಡೆಯುವುದಿಲ್ಲ.

ಅದು ಯಾಕೆ ಎನ್ನುವುದಕ್ಕೆ ಗಿಡದ ಹುಟ್ಟೂರಿಗೆ ಹೋಗಬೇಕು. ಸದಾ ಒದ್ದೆಯಾಗಿರುವ, ಮಳೆನೀರು ತೊಳೆದು ತೊಳೆದು ಸಾರವನ್ನೆಲ್ಲ ಕೊಚ್ಚಿಕೊಂಡು ಹೋದ ನೆಲ ಅದು. ಜೌಗು, ಬಂಡೆಯ ಮೇಲಿನ ತೆಳು ಮಣ್ಣು, ಮರಳು ಬಯಲು. ಅಲ್ಲಿ ಬಿಸಿಲಿಗೆ ಬರವಿಲ್ಲ, ನೀರಿಗೆ ಬರವಿಲ್ಲ. ಸಾರಜನಕ ಮತ್ತು ರಂಜಕ ಮಾತ್ರ ಇಲ್ಲ. ಎಲ್ಲ ಹಸಿರು ಗಿಡಗಳ ಹಾಗೆ ಇವೂ ಬಿಸಿಲಿನಲ್ಲೇ ತಮ್ಮ ಅನ್ನ ಮಾಡಿಕೊಳ್ಳುತ್ತವೆ. ನೆಲ ಕೊಡದೆ ಹೋದ ಆ ಲವಣಗಳನ್ನು ಹುಳದ ಮೈಯಿಂದ ತೆಗೆದುಕೊಳ್ಳುತ್ತವೆ, ಅಷ್ಟೆ. ಬೇರಿನ ದಾರಿಯಲ್ಲಿ ಲವಣ ಬಂದು ಅಭ್ಯಾಸವೇ ಇಲ್ಲದ ಈ ಗಿಡಗಳಿಗೆ ಗೊಬ್ಬರ ಹಾಕಿದರೆ ಬೇರು ಸುಡುತ್ತದೆ. ನಮ್ಮ ಬೋರ್ ನೀರೂ ಅವುಗಳ ಪಾಲಿಗೆ ಗೊಬ್ಬರದಷ್ಟೇ ಕೇಡು.

ನಮ್ಮ ಬೀದಿಯ ಅಜ್ಜಿಯೊಬ್ಬರಿಗೆ ಇದನ್ನೆಲ್ಲ ಹೇಳುವ ಸಂದರ್ಭ ಬಂತು. ಕುಂಡಗಳನ್ನು ತುಳಸಿಯ ಪಕ್ಕ ಇಟ್ಟಿದ್ದೆ. ಮಾಂಸ ತಿನ್ನುವ ಗಿಡವನ್ನು ತುಳಸಿ ಹತ್ತಿರ ಇಡಬಹುದೇ ಎಂಬ ಚರ್ಚೆ ಮನೆಯೊಳಗೆ ಆಗಲೇ ನಡೆದಿತ್ತು. ಅಜ್ಜಿ ಕುಂಡದ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಅಂಟಿನ ಹನಿಗೆ ಸಿಕ್ಕಿಕೊಂಡ ಸೊಳ್ಳೆಯನ್ನು ಬಹಳ ಹೊತ್ತು ನೋಡಿ, "ನೆಲದಾಗೆ ಏನೂ ಇಲ್ಲಾಂದ್ರೆ ಅದಾದ್ರೂ ಏನ್ ಮಾಡಾದು ಬಿಡವ್ವ, ಹೊಟ್ಟೆ ಅಂತ ಐತಲ್ಲ" ಅಂದರು. ಕುಂಡಗಳು ಇವತ್ತಿಗೂ ತುಳಸಿಯ ಪಕ್ಕದಲ್ಲೇ ಇವೆ. ಈ ಗಿಡಗಳ ಬಗ್ಗೆ ಹದಿನೈದು ವರ್ಷ ತಲೆ ಕೆಡಿಸಿಕೊಂಡ ಚಾರ್ಲ್ಸ್ ಡಾರ್ವಿನ್ ಅಜ್ಜಿಯ ತೀರ್ಮಾನಕ್ಕೆ ಸಂತೋಷಪಡುತ್ತಿದ್ದ ಎಂದೇ ನನ್ನ ನಂಬಿಕೆ.

ಡಾರ್ವಿನ್ ಈ ಗಿಡಗಳಿಗೆ ಮನಸೋತದ್ದು 1860ರ ಬೇಸಿಗೆಯಲ್ಲಿ, ಇಂಗ್ಲೆಂಡಿನ ಸಸೆಕ್ಸ್‌ನ ಒಂದು ಕುರುಚಲು ಬಯಲಿನಲ್ಲಿ. ಹಿಂದಿನ ವರ್ಷವಷ್ಟೇ ಜೀವಿಗಳ ಉಗಮದ ಬಗ್ಗೆ ಪುಸ್ತಕ ಬರೆದು ಲೋಕವನ್ನೇ ಅಲ್ಲಾಡಿಸಿದ್ದ ಮನುಷ್ಯ, ಡ್ರೊಸೆರಾ ಎಂಬ ಅಂಗೈಗಿಂತ ಚಿಕ್ಕ ಗಿಡವೊಂದರ ಎಲೆಗೆ ಅಂಟಿದ ಹುಳಗಳನ್ನು ಎಣಿಸುತ್ತ ಕೂತ. ಹಸಿ ಮಾಂಸ ಇಟ್ಟು ನೋಡಿದ, ಹಾಲು ಹಾಕಿದ, ಮೊಟ್ಟೆ ಇಟ್ಟ, ಗಾಜಿನ ಚೂರು, ಕೂದಲಿನ ತುಣುಕು ಇಟ್ಟ. ಮಳೆಹನಿ ಎಷ್ಟು ಬಿದ್ದರೂ ಅಲ್ಲಾಡದ ಎಲೆಯ ರೋಮಗಳು ಕೂದಲಿನ ಸಣ್ಣ ತುಣುಕಿಗೆ ಬಾಗುವುದನ್ನು ಕಂಡ. 'ಕೀಟಾಹಾರಿ ಸಸ್ಯಗಳು' ಎಂಬ ಅವನ ಪುಸ್ತಕ ಅಚ್ಚಾದದ್ದು 1875ರಲ್ಲಿ. ಹುಳ ತಿಂದದ್ದರಿಂದ ಗಿಡಕ್ಕೆ ನಿಜಕ್ಕೂ ಲಾಭವಿದೆಯೇ ಎಂಬ ಪ್ರಶ್ನೆ ಆಮೇಲೂ ಉಳಿದಿತ್ತು. ಮಗ ಫ್ರಾನ್ಸಿಸ್ ಡಾರ್ವಿನ್ ಕೆಲವು ಗಿಡಗಳಿಗೆ ಮಾಂಸ ತಿನ್ನಿಸಿ, ಕೆಲವನ್ನು ಹಾಗೇ ಬಿಟ್ಟು, ತಿಂದ ಗಿಡಗಳು ಹೆಚ್ಚು ಬೀಜ ಕಟ್ಟಿದ್ದನ್ನು 1878ರಲ್ಲಿ ತೋರಿಸಿದ. ತಿನ್ನದ ಗಿಡಗಳೂ ಬದುಕಿದ್ದವು ಎನ್ನುವುದನ್ನು ಮನೆಯಲ್ಲಿ ಬೆಳೆಸುವವರು ನೆನಪಿಡಬೇಕು. ಹೊರಗೆ ಗಾಳಿಯಲ್ಲಿಟ್ಟ ಗಿಡ ತನ್ನ ಪಾಡಿನ ಹುಳವನ್ನು ತಾನೇ ಹಿಡಿದುಕೊಳ್ಳುತ್ತದೆ. ಕೋಳಿ ಚೂರು ಕೊಳೆಯುತ್ತದೆ, ಜೊತೆಗೆ ಎಲೆಯನ್ನೂ ಕೊಳೆಸುತ್ತದೆ.

ಇಂಗ್ಲೆಂಡಿನ ಬಯಲು ಹಾಗಿರಲಿ. ಈ ವಂಶದ ಗಿಡ ನಮ್ಮಲ್ಲೇ ಇದೆ. ಭಾರತದಲ್ಲಿ ಡ್ರೊಸೆರಾದ ಹೆಸರಾಂತ ಜಾತಿಗಳು ಮೂರು: ಬರ್ಮನ್ನಿ, ಇಂಡಿಕಾ, ಪೆಲ್ಟೇಟಾ. ಪೆಲ್ಟೇಟಾ ಎತ್ತರದ ಬೆಟ್ಟಗಳದು. ಮೊದಲ ಎರಡು ನಮ್ಮ ಬಯಲುಸೀಮೆಯವು. ಬರ್ಮನ್ನಿ ನೆಲಕ್ಕೆ ಅಂಟಿಕೊಂಡು ಬೆಳೆಯುವ, ನಾಣ್ಯದಷ್ಟಗಲದ ಕೆಂಪು ಚಕ್ರ. ಅದಕ್ಕೊಂದು ಎಳೆಯಂಥ ದಂಟು, ದಂಟಿನ ಮೇಲೆ ಬಿಳಿ ಹೂ. ಇಂಡಿಕಾ ನೆಟ್ಟಗೆ ನಿಂತು, ದಾರದಂಥ ಎಲೆಗಳನ್ನು ಚಾಚಿ, ಗುಲಾಬಿ ಹೂ ಬಿಡುತ್ತದೆ. ಎರಡರ ಎಲೆಗೂ ರೋಮ, ರೋಮದ ತುದಿಗೊಂದು ಅಂಟಿನ ಹನಿ. ಬೆಳಗಿನ ಓರೆ ಬಿಸಿಲಿನಲ್ಲಿ ಹನಿಗಳು ಹೊಳೆಯುವಾಗ ಮಾತ್ರ ಗಿಡ ಕಣ್ಣಿಗೆ ಬೀಳುತ್ತದೆ. ಬಿಸಿಲೇರಿದ ಮೇಲೆ ಅಲ್ಲೇ ಓಡಾಡಿದರೂ ಕಾಲಡಿ ಏನಿದೆಯೆಂದು ಗೊತ್ತಾಗುವುದಿಲ್ಲ. ಮಳೆಗಾಲದ ಕೊನೆಯಿಂದ ಚಳಿಯ ಆರಂಭದವರೆಗೆ ಇದರ ಕಾಲ. ಒಂದೇ ವರ್ಷದಲ್ಲಿ ಹುಟ್ಟಿ, ಹೂಬಿಟ್ಟು, ಧೂಳಿನಂಥ ಬೀಜ ಉದುರಿಸಿ ಮುಗಿಯುತ್ತದೆ.

ಡ್ರೊಸೆರಾ ಎಲ್ಲಿ ಬೆಳೆಯುತ್ತದೆ? ಹೊಲಕ್ಕೆ ಲಾಯಕ್ಕಿಲ್ಲ ಎಂದು ಬಿಟ್ಟ ಜಾಗದಲ್ಲಿ. ಕಲ್ಲು ಮರಳಿನ ಹುಲ್ಲುಗಾವಲಿನಲ್ಲಿ, ಬಂಡೆಯಿಂದ ನೀರು ಜಿನುಗುವ ಅಂಚಿನಲ್ಲಿ, ಕೆರೆಗೆ ನೀರು ಹರಿದುಬರುವ ತೆಳು ಮಣ್ಣಿನಲ್ಲಿ. ಸರ್ಕಾರಿ ಕಡತದಲ್ಲಿ ಇಂಥದ್ದಕ್ಕೆಲ್ಲ ಬೀಳು ಎಂದು ಹೆಸರು. ಬೀಳು ಭೂಮಿ ಎಂದ ಕೂಡಲೇ ಗಿಡ ನೆಡುವ ಉತ್ಸಾಹಿಗಳೂ ನಿವೇಶನ ಮಾಡುವವರೂ ಒಟ್ಟಿಗೆ ಬರುತ್ತಾರೆ. ನೆರಳು ಬಿದ್ದರೂ ಡ್ರೊಸೆರಾ ಹೋಯಿತು, ಜೇಸಿಬಿ ಬಂದರೂ ಹೋಯಿತು. ನಮ್ಮಿಂದ ದಕ್ಷಿಣಕ್ಕೆ, ಅರ್ಕಾವತಿ ಹರಿದುಹೋಗುವ ದಿಕ್ಕಿನಲ್ಲೇ ಇರುವ ಹೆಸರಘಟ್ಟದ ಹುಲ್ಲುಗಾವಲು ಈ ಸುತ್ತಿನಲ್ಲಿ ಉಳಿದಿರುವ ದೊಡ್ಡ ಬಯಲು. 5,678 ಎಕರೆಯನ್ನು ಸಂರಕ್ಷಿತ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಹಕ್ಕಿಗಳ ಹೆಸರಿನಲ್ಲಿ, ಕೆರೆಯ ಹೆಸರಿನಲ್ಲಿ ವರ್ಷಗಟ್ಟಲೆ ದುಡಿದವರಿಂದ ಅದು ಸಾಧ್ಯವಾಯಿತು. ನೆಲಕ್ಕೆ ಅಂಟಿಕೊಂಡು ಬದುಕುವ, ತಮ್ಮ ಪರವಾಗಿ ಮಾತಾಡಲು ಯಾರೂ ಇಲ್ಲದ ಸಣ್ಣ ಗಿಡಗಳೂ ಅದೇ ನೆರಳಿಲ್ಲದ ಬಯಲನ್ನು ನಂಬಿವೆ.

ಅರ್ಕಾವತಿಯ ಮಾತು ಬಂದ ಮೇಲೆ ಒಂದಿಷ್ಟು ಹೇಳದಿರುವುದು ಕಷ್ಟ. ನಂದಿ ಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರ ತಾಲ್ಲೂಕಿನ ಕೆರೆಗಳನ್ನು ಒಂದೊಂದಾಗಿ ತುಂಬುತ್ತ ಹೆಸರಘಟ್ಟಕ್ಕೆ ಇಳಿಯುವ ಹೊಳೆ ಇದು. 1890ರ ದಶಕದಲ್ಲಿ ಬೆಂಗಳೂರಿಗೆ ನಲ್ಲಿ ನೀರು ಹೋದದ್ದು ಹೆಸರಘಟ್ಟದಿಂದ, ಅಂದರೆ ನಮ್ಮ ಹೊಳೆಯಿಂದ. ಈಗ ದೊಡ್ಡಬಳ್ಳಾಪುರ ನಗರದ ಕೊಳಚೆ, ಕೈಗಾರಿಕೆಯ ತ್ಯಾಜ್ಯ ಸೇರಿ ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳ ನೀರು ಕೆಟ್ಟಿದೆ ಎಂದು ಆ ಊರುಗಳ ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ. ತಿಳಿನೀರಿನ ಕೆರೆಯಲ್ಲಿ ಹಳದಿ ಹೂ ನೀರಿನ ಮೇಲೆತ್ತಿ ತೇಲುವ ಯುಟ್ರಿಕ್ಯುಲೇರಿಯಾ ಎಂಬ, ಹುಳ ತಿನ್ನುವ ಇನ್ನೊಂದು ಗಿಡವಿದೆ. ಬೇರೇ ಇಲ್ಲದ ಗಿಡ. ನೀರೊಳಗಿನ ಎಳೆಗಳ ತುಂಬ ಸಾಸಿವೆಗಿಂತ ಚಿಕ್ಕ ಚೀಲಗಳು. ಬಾಗಿಲ ಬಳಿಯ ರೋಮಕ್ಕೆ ನೀರುಚಿಗಟವೋ ಸೊಳ್ಳೆಯ ಎಳೆಮರಿಯೋ ತಗುಲಿತೆಂದರೆ ಚೀಲ ಬಾಯಿ ತೆರೆದು ಅದನ್ನು ನೀರಿನ ಸಮೇತ ಎಳೆದುಕೊಳ್ಳುತ್ತದೆ. ಅದಕ್ಕೆ ಹಿಡಿಯುವ ಹೊತ್ತು ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಗಿಡಗಳ ಲೋಕದಲ್ಲಿ ಇಷ್ಟು ಚುರುಕಿನ ಬೇಟೆ ಇನ್ನೊಂದಿಲ್ಲ. ಕೊಳೆತ ನೀರಿನ ಕೆರೆಯಲ್ಲಿ ಅಂತರಗಂಗೆ ಹಬ್ಬುತ್ತದೆ, ಇದು ಬರುವುದಿಲ್ಲ.

ಇದೇ ವಂಶದ ನೆಲದ ಗಿಡಗಳನ್ನು ನೋಡಬೇಕಾದರೆ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಕಾಸರಗೋಡಿನ ಕಡೆ ಹೋಗಬೇಕು. ಅಲ್ಲಿನ ಜಂಬಿಟ್ಟಿಗೆ ಕಲ್ಲಿನ ಪದವುಗಳು ಬೇಸಿಗೆಯಲ್ಲಿ ಕಾದ ಕಾವಲಿ. ಆಗಸ್ಟ್ ಸೆಪ್ಟೆಂಬರಿನಲ್ಲಿ ಅದೇ ಕಲ್ಲಿನ ಮೇಲೆ ಬೆರಳುದ್ದದ ನೀರು ನಿಂತು ನೀಲಿ ಹೂವಿನ ಹಾಸು ಬಿಚ್ಚಿಕೊಳ್ಳುತ್ತದೆ. ಮಲಯಾಳಿಗಳು ಅದನ್ನು ಕಾಕ್ಕಪ್ಪೂ ಎನ್ನುತ್ತಾರೆ, ಓಣಂ ಹಬ್ಬದ ಹೂವಿನ ರಂಗೋಲಿಗೆ ಕಿತ್ತು ತರುತ್ತಾರೆ. ರಂಗೋಲಿಯ ನೀಲಿ ಬಣ್ಣ ಹುಳ ತಿನ್ನುವ ಗಿಡದ್ದು ಎಂಬುದು ಎಷ್ಟೋ ಮನೆಗಳಲ್ಲಿ ಗೊತ್ತಿರುವುದಿಲ್ಲ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿ 'ಹಸುರು ಹೊನ್ನು' ಬರೆದರು. ಹಾಗೆ ಯಾರಾದರೂ ಈ ಪದವುಗಳನ್ನೂ ನಮ್ಮ ಬೀಳುಗಳನ್ನೂ ಸುತ್ತಿ ಒಂದು ಪುಸ್ತಕ ಬರೆಯಬಾರದೇ ಎಂದು ನನಗೆ ಬಹಳ ಆಸೆ.

ಇರಲಿ, ತಾರಸಿಗೆ ವಾಪಸ್ಸು ಬರೋಣ. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರ್ ಎಂಬ ಪೆನ್ನಿನಂಥ ಸಾಧನ ಸಿಗುತ್ತದೆ. ಕುಂಡಕ್ಕಿಂತ ಮೊದಲು ಕೊಳ್ಳಬೇಕಾದ್ದು ಅದನ್ನು. ಮನುಷ್ಯರು ಕುಡಿಯುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೆ ಲವಣ ಇರಬಹುದು ಎನ್ನುತ್ತದೆ ಭಾರತೀಯ ಮಾನಕ. ಬೇರೆ ನೀರು ಸಿಗದ ಕಡೆ 2,000ದವರೆಗೂ ಒಪ್ಪುತ್ತದೆ. ಈ ಗಿಡಗಳಿಗೆ 50 ದಾಟಬಾರದು. ಶುದ್ಧ ನೀರಿನ ಘಟಕದ ಕ್ಯಾನಿನ ನೀರನ್ನೂ ಅಳೆಯದೆ ಹಾಕುವಂತಿಲ್ಲ. ಯಂತ್ರದ ಪೊರೆ ಹಳತಾದರೆ, ಅಥವಾ ರುಚಿಗೆಂದು ಲವಣ ಉಳಿಸಿಕೊಂಡಿದ್ದರೆ, ನಮಗೆ ಸಿಹಿಯಾದ ನೀರೇ ಗಿಡಕ್ಕೆ ಹೆಚ್ಚು. ಏಸಿಯಿಂದ ತೊಟ್ಟಿಕ್ಕುವ ನೀರು ಒಳ್ಳೆಯದು, ಆದರೆ ನಮ್ಮ ಬೀದಿಯಲ್ಲಿ ಏಸಿ ಎಷ್ಟು ಮನೆಯಲ್ಲಿದೆ? ಆದ್ದರಿಂದ ಉಳಿದದ್ದು ಮಳೆ.

ನಮ್ಮ ಭಾಗಕ್ಕೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಕಡಿಮೆ ಅನ್ನಿಸಬಹುದು, ಲೆಕ್ಕ ಹಾಕಿದರೆ ಹಾಗಲ್ಲ. ಹತ್ತಡಿಗೆ ಹತ್ತಡಿ ಜಾಗದ ಮೇಲೆ 20 ಮಿಲಿಮೀಟರಿನ ಒಂದು ಮಳೆ ಬಿದ್ದರೆ ಸುಮಾರು 185 ಲೀಟರ್. ಒಂದೇ ಸಂಜೆಯ ಮಳೆಗೆ ಒಂದು ಡ್ರಮ್ಮು ತುಂಬುತ್ತದೆ. ಬೆಂಗಳೂರಿನ ವಿಜ್ಞಾನಿ ಎ.ಆರ್. ಶಿವಕುಮಾರ್ ವಿಜಯನಗರದ ತಮ್ಮ ಮನೆಯನ್ನು ದಶಕಗಳಿಂದ ಮಳೆನೀರಿನಲ್ಲೇ ನಡೆಸಿದ್ದಾರೆ. ಕಾಸರಗೋಡು ಗಡಿಯ ಶ್ರೀಪಡ್ರೆಯವರು ನೆಲ ಜಲದ ಬಗ್ಗೆ ಕನ್ನಡದಲ್ಲಿ ಬರೆಯುತ್ತಲೇ ಬಂದಿದ್ದಾರೆ. ಇಡೀ ಸಂಸಾರಕ್ಕೆ ಸಾಲುವ ಮಳೆ ನಾಲ್ಕು ಕುಂಡಕ್ಕೆ ಸಾಲದೇ?

ಹಿಡಿಯುವ ರೀತಿಯಲ್ಲಿ ಮಾತ್ರ ಎಚ್ಚರ ಬೇಕು. ಕೈಗಾರಿಕಾ ಪ್ರದೇಶದ ಧೂಳು ತಾರಸಿಯ ಮೇಲೆ ಕೂತಿರುತ್ತದೆ, ಬೇಸಿಗೆ ಮುಗಿದ ಮೇಲಿನ ಮೊದಲ ಒಂದೆರಡು ಮಳೆಯ ನೀರನ್ನು ಹರಿಯಬಿಡಬೇಕು. ಗುಜರಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ನೀಲಿ ಡ್ರಮ್ಮುಗಳಲ್ಲಿ ಮೊದಲು ಏನಿತ್ತೆಂದು ದೇವರಿಗೇ ಗೊತ್ತು. ರಾಸಾಯನಿಕ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದರೂ ನಂಬಬಾರದು, ಗಿಡಕ್ಕೂ ಬೇಡ, ಮನುಷ್ಯರಿಗಂತೂ ಬೇಡವೇ ಬೇಡ. ಡ್ರಮ್ಮಿನ ಬಾಯಿಗೆ ಹಳೆಯ ಪಂಚೆ ಬಿಗಿಯಾಗಿ ಕಟ್ಟಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ. ಕುಂಡದ ಕೆಳಗಿನ ತಟ್ಟೆಯ ನೀರನ್ನೂ ವಾರಕ್ಕೊಮ್ಮೆ ಚೆಲ್ಲಿ ಹೊಸದು ಹಾಕಬೇಕು. ಈ ಗಿಡ ಸಾಕಿದರೆ ಮನೆಯ ಸೊಳ್ಳೆ ಕಡಿಮೆಯಾಗುತ್ತದೆ ಎಂದು ಮಾರುವವರು ಹೇಳುತ್ತಾರಲ್ಲ, ಅದನ್ನು ನಂಬಬೇಡಿ. ಗಿಡ ಹಿಡಿಯುವುದು ನಾಲ್ಕು, ಮರೆತ ತಟ್ಟೆಯಲ್ಲಿ ಹುಟ್ಟುವುದು ನೂರು.

ಮಣ್ಣಿನ ವಿಷಯಕ್ಕೆ ಬಂದರೆ, ಮಣ್ಣೇ ಬೇಡ. ಕೆಮ್ಮಣ್ಣು, ಸಗಣಿ ಗೊಬ್ಬರ, ಎರೆಗೊಬ್ಬರ, ನಾವು ಹೆಮ್ಮೆಯಿಂದ ಹಾಕುವ ಯಾವುದೂ ಬೇಡ. ಪರದೇಶದಿಂದ ಬರುವ ಪೀಟ್ ಮಾಸ್ ಮತ್ತು ಪರ್ಲೈಟ್ ಬೆರೆಸಿ ತುಂಬುವುದು ಎಲ್ಲರ ರೂಢಿ. ಪೀಟ್ ದುಬಾರಿ, ಮೇಲಾಗಿ ಯಾವುದೋ ದೇಶದ ಜೌಗನ್ನು ಅಗೆದು ತಂದದ್ದು. ಜೌಗಿನ ಗಿಡ ಬೆಳೆಸಲು ಜೌಗನ್ನೇ ಅಗೆಯುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ತಿಪಟೂರಿನ ಕಡೆಯ ತೆಂಗಿನ ನಾರಿನ ಪುಡಿ ನಮಗೆ ಧಾರಾಳ ಸಿಗುತ್ತದೆ. ಆದರೆ ಅದರಲ್ಲಿ ಉಪ್ಪಿರುತ್ತದೆ. ಮಳೆಗಾಲದಲ್ಲಿ ಪುಡಿಯನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಹಿಂಡಿ, ಮತ್ತೆ ನೆನೆಹಾಕಿ, ಹಿಂಡಿದ ನೀರಿನ ಟಿಡಿಎಸ್ ಇಳಿಯುವವರೆಗೆ ತೊಳೆಯಬೇಕು. ಬೇಸರದ ಕೆಲಸವೇ, ಆದರೆ ಡ್ರೊಸೆರಾ ಅದರಲ್ಲಿ ಚೆನ್ನಾಗಿ ಬರುತ್ತದೆ.

ವೀನಸ್ ಫ್ಲೈಟ್ರ್ಯಾಪ್ ಬಗ್ಗೆ ಹೇಳದಿದ್ದರೆ ಪಕ್ಕದ ಮನೆ ಹುಡುಗ ನನ್ನನ್ನು ಕ್ಷಮಿಸುವುದಿಲ್ಲ. ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾದ ಕರಾವಳಿ ಬಯಲೊಂದನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಅದರ ಹುಟ್ಟುನೆಲವಿಲ್ಲ. ಎಲೆಯ ಎರಡು ರೆಕ್ಕೆಗಳ ಒಳಗೆ ಮೂರು ಮೂರು ರೋಮ. ರೋಮವನ್ನು ಒಂದು ಸಲ ಮುಟ್ಟಿದರೆ ಏನೂ ಆಗುವುದಿಲ್ಲ. ಸುಮಾರು ಇಪ್ಪತ್ತು ಸೆಕೆಂಡಿನೊಳಗೆ ಎರಡನೇ ಸಲ ತಗುಲಿದರೆ ಬಾಯಿ ಮುಚ್ಚಿತು. ಕಸವೋ ಮಳೆಹನಿಯೋ ಬಿದ್ದರೆ ಸುಮ್ಮನೆ ಮುಚ್ಚಿ ದಣಿಯಬಾರದು ಎಂದು ಗಿಡ ಈ ಲೆಕ್ಕ ಇಟ್ಟುಕೊಂಡಿದೆ. ಒಳಗೆ ಸಿಕ್ಕ ಹುಳ ಒದ್ದಾಡಿ ಇನ್ನೂ ಕೆಲವು ಸಲ ರೋಮ ತಾಗಿಸಿದ ಮೇಲೆಯೇ ಜೀರ್ಣರಸ ಒಸರುತ್ತದೆ. ಈ ಎಲೆಯಲ್ಲಿ ನಮ್ಮ ನರಗಳ ಹಾಗೆಯೇ ವಿದ್ಯುತ್ ಸಂಕೇತ ಹರಿಯುತ್ತದೆಂದು 1873ರಲ್ಲೇ ಶರೀರವಿಜ್ಞಾನಿ ಬರ್ಡನ್ ಸ್ಯಾಂಡರ್ಸನ್ ಅಳೆದು ತೋರಿಸಿದ, ಹಾಗೆ ನೋಡು ಎಂದು ಅವನಿಗೆ ಹೇಳಿದ್ದು ಡಾರ್ವಿನ್ನೇ. ಇಷ್ಟು ಲೆಕ್ಕದ ಗಿಡವನ್ನು ಬೆರಳು ಹಾಕಿ ಆಡಿಸಬಾರದು. ಒಂದೊಂದು ಬಾಯಿ ಕೆಲವೇ ಸಲ ಮುಚ್ಚಿ ತೆರೆದು ಕಪ್ಪಾಗುತ್ತದೆ. ಹುಡುಗನಿಗೆ ಇದನ್ನು ಹೇಳಿದ ಮೇಲೆ ಅವನೇ ಕಾವಲಾಗಿದ್ದಾನೆ. ನೆಂಟರ ಮಕ್ಕಳು ಬಂದರೆ "ಮುಟ್ಬೇಡ್ರೋ, ಅದಕ್ಕೆ ಸುಸ್ತಾಗುತ್ತೆ" ಎಂದು ಗದರುತ್ತಾನೆ.

ಫ್ಲೈಟ್ರ್ಯಾಪಿನ ನಿಜವಾದ ಕಷ್ಟ ನಮ್ಮ ಚಳಿಗಾಲ. ಅದಕ್ಕೆ ವರ್ಷಕ್ಕೆ ಮೂರು ನಾಲ್ಕು ತಿಂಗಳು ಹತ್ತು ಡಿಗ್ರಿ ಆಸುಪಾಸಿನ ಥಂಡಿಯಲ್ಲಿ ನಿದ್ದೆ ಬೇಕು. ನಂದಿ ಬೆಟ್ಟದ ಗಾಳಿ ಬೀಸುವ ಡಿಸೆಂಬರ್ ಜನವರಿಯ ರಾತ್ರಿಗಳಲ್ಲಿ ತಾರಸಿಯ ಮೇಲೆ ಬಯಲಿಗೇ ಇಟ್ಟು, ತಟ್ಟೆಯ ನೀರು ತೆಗೆದು ಬರೀ ತೇವ ಉಳಿಸಿದರೆ ಅರೆನಿದ್ದೆಯಾದರೂ ಆಗುತ್ತದೆ. ಕೆಲವರು ಗಿಡವನ್ನು ಕಿತ್ತು, ಒದ್ದೆ ಪಾಚಿಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡುತ್ತಾರೆ. ನಿದ್ದೆಯೇ ಇಲ್ಲದ ಗಿಡ ಒಂದೆರಡು ವರ್ಷದಲ್ಲಿ ಸೊರಗುತ್ತದೆ. ನೆಪೆಂಥಿಸ್ ಎಂಬ ಹೂಜಿ ಗಿಡಕ್ಕೆ ತೊಂದರೆ ತಿರುವುಮುರುವು. ಅದಕ್ಕೆ ಚಳಿ ಬೇಡ, ಗಾಳಿಯಲ್ಲಿ ತೇವ ಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇಲ್ಲಿನ ಒಣ ಗಾಳಿಯಲ್ಲಿ ಎಲೆ ಬರುತ್ತದೆ, ತುದಿಯ ಹೂಜಿ ಬರುವುದಿಲ್ಲ. ನರ್ಸರಿಯವರು ಮಾರುವುದು ಬಹುಪಾಲು ಮಿಶ್ರತಳಿ. ಭಾರತದ್ದೇ ಆದ ಏಕೈಕ ಹೂಜಿ ಗಿಡ ಮೇಘಾಲಯದ ನೆಪೆಂಥಿಸ್ ಖಾಸಿಯಾನಾ. ಅಲ್ಲಿನ ಗಾರೋ ಬೆಟ್ಟದ ಬಾಘಮಾರಾದಲ್ಲಿ ಅದಕ್ಕೆಂದೇ ಅಭಯಾರಣ್ಯವಿದೆ. ಕಾಡಿನಿಂದ ಕಿತ್ತ ಅದರ ಗಿಡಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧವಿದೆ. ಕಾಡಿನಿಂದ ಕಿತ್ತು ತಂದ ಗಿಡವನ್ನು ಯಾರಾದರೂ ಮಾರಲು ಬಂದರೆ ಬೇಡ ಎನ್ನಿ. ಅಮೆರಿಕದಲ್ಲೂ ಅಷ್ಟೆ, ಉತ್ತರ ಕೆರೊಲಿನಾದಲ್ಲಿ 2014ರ ಡಿಸೆಂಬರಿನಿಂದ ಬಯಲಿನ ಫ್ಲೈಟ್ರ್ಯಾಪ್ ಕದ್ದರೆ ಗಂಭೀರ ಅಪರಾಧ.

ಇಷ್ಟೆಲ್ಲ ನೋಡಿದ ಮೇಲೆ, ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಬರ್ಮನ್ನಿಯನ್ನೇ. ಈ ಸೀಮೆಯ ಬಿಸಿಲು ಅದಕ್ಕೆ ಹೊಸದಲ್ಲ, ಚಳಿಗಾಲದ ನಿದ್ದೆ ಬೇಕಿಲ್ಲ. ಬಯಲಿನಿಂದ ಕಿತ್ತು ತರಬೇಡಿ. ಬೇರು ತೀರ ನಾಜೂಕು, ತಂದದ್ದು ಬದುಕುವುದು ಕಷ್ಟ, ಅಲ್ಲಿ ಉದುರಬೇಕಾದ ಬೀಜವೂ ಇಲ್ಲದಂತಾಗುತ್ತದೆ. ಬೆಳೆಸಿದವರ ಹತ್ತಿರ ಬೀಜ ಕೇಳಿ. ತೊಳೆದ ನಾರಿನ ಪುಡಿಯ ಮೇಲೆ ಬೀಜ ಉದುರಿಸಿ ಹಾಗೇ ಬಿಡಬೇಕು, ಮೇಲೆ ಏನೂ ಮುಚ್ಚಬಾರದು, ಅದಕ್ಕೆ ಬೆಳಕು ಬೇಕು. ನೀರು ಮೇಲಿನಿಂದ ಹುಯ್ಯದೆ ತಟ್ಟೆಯಲ್ಲಿ ಬೆರಳುಗಣ್ಣಿನಷ್ಟು ನಿಲ್ಲಿಸಿ. ಎರಡು ಮೂರು ವಾರಕ್ಕೆ ಸೂಜಿಮೊನೆಯಷ್ಟು ಹಸಿರು ಕಾಣುತ್ತದೆ. ಆ ಅಳತೆಯಲ್ಲೇ ರೋಮವೂ ಇರುತ್ತದೆ, ಹನಿಯೂ ಇರುತ್ತದೆ. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬಿದ್ದರೆ ಕೆಂಪಾಗುತ್ತದೆ, ನೆರಳಲ್ಲಿಟ್ಟರೆ ಹಸಿರಾಗಿಯೇ ಉಳಿದು ಅಂಟು ಕಡಿಮೆಯಾಗುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವ ಮೇಲಿನ ಮನೆಯ ಹುಡುಗಿ ಒಂದು ಮೊಸರಿನ ಡಬ್ಬಿಯಲ್ಲಿ ಬೆಳೆಸಿ, ಹೂ ಬಂದ ದಿನ "ಅಕ್ಕಾ, ಬನ್ನಿ ಬೇಗ, ಹೂ ಹನ್ನೊಂದಕ್ಕೆಲ್ಲ ಮುಚ್ಕೊಂಡುಬಿಡುತ್ತೆ" ಎಂದು ಕೂಗಿ ಕರೆದಳು. ಅವಳ ಡಬ್ಬಿಯ ಗಿಡ ನನ್ನ ಕುಂಡದ ಗಿಡಕ್ಕಿಂತ ಕೆಂಪಗಿತ್ತು.

ನಮ್ಮಲ್ಲಿ ಈ ಸಲ ಬೀಜ ಸಾಕಷ್ಟು ಕಟ್ಟುವ ಹಾಗಿದೆ. ಬೇಕಾದವರು ಡಿಸೆಂಬರ್ ಮುಗಿಯುವುದರೊಳಗೆ ಬನ್ನಿ, ಪೊಟ್ಟಣ ಕಟ್ಟಿ ಕೊಡುತ್ತೇನೆ. ನೀರನ್ನು ಮಾತ್ರ ಹಿಂಗಾರು ಮಳೆ ಇರುವಾಗಲೇ ನೀವೇ ಹಿಡಿದಿಟ್ಟುಕೊಳ್ಳಿ.